ಮಸ್ಕಿಯ ಬಂಡೆ ಮತ್ತು ಮೆಣಸಿನಕಾಯಿ ಹೊಲ

ರಾಯಚೂರು ಜಿಲ್ಲೆಯ ಮಸ್ಕಿ ಬೆಟ್ಟದ ಬಂಡೆಯೊಂದರ ಮೇಲೆ ಅಶೋಕ ಚಕ್ರವರ್ತಿಯ ಕಾಲದ, ಸವೆದುಹೋದ ಕೆಲವು ಬ್ರಾಹ್ಮಿ ಲಿಪಿಯ ಸಾಲುಗಳಿವೆ. ಒಂದು ವಾದ ಎಲ್ಲಿ ಎಡವುತ್ತದೆ, ಯಾವುದರಿಂದ ಗಟ್ಟಿಯಾಗುತ್ತದೆ ಎಂದು ತಿಳಿಯಬಯಸುವವರಿಗೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ ಎಂಬುದು ನನ್ನ ನಂಬಿಕೆ.

1837ರಲ್ಲಿ ಬ್ರಿಟಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಉತ್ತರ ಭಾರತದ ಕಂಬಗಳ ಬರಹವನ್ನು ಓದಿದಾಗ ಸಿಕ್ಕಿದ್ದು 'ದೇವಾನಾಂಪಿಯ ಪಿಯದಸಿ' ಎಂಬ ಅರಸನ ಬಿರುದು ಮಾತ್ರ; ಅಲ್ಲಿ ಅಶೋಕ ಎಂಬ ಹೆಸರಿರಲಿಲ್ಲ. ಸಿಂಹಳದಲ್ಲಿ ದೇವಾನಂಪಿಯ ತಿಸ್ಸನೆಂಬ ರಾಜನಿದ್ದುದರಿಂದ, ಈ ಶಾಸನಗಳು ಸಿಂಹಳದ ಆ ಅರಸನವೇ ಇರಬೇಕೆಂದು ಪ್ರಿನ್ಸೆಪ್ ಮೊದಲು ಊಹಿಸಿದರು. ಊಹೆ ತಪ್ಪಿತ್ತು. ಪಿಯದಸಿ ಎಂದರೆ ಅಶೋಕನೇ ಎಂಬುದನ್ನು ಸಿಂಹಳದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಅಲ್ಲಿನ ಪ್ರಾಚೀನ ಚರಿತ್ರೆಯ ಗ್ರಂಥ 'ದೀಪವಂಸ'ದಿಂದ ಎತ್ತಿ ತೋರಿಸಿದರು.

ಪ್ರಿನ್ಸೆಪ್ ಅವರಂಥ ಪ್ರತಿಭಾವಂತರು ಎಡವಿದ ಜಾಗಕ್ಕೆ ನಮ್ಮ ನ್ಯಾಯಶಾಸ್ತ್ರ, ಅಂದರೆ ಪ್ರಾಚೀನ ತರ್ಕಶಾಸ್ತ್ರ, ಬಹಳ ಹಿಂದೆಯೇ ಹೆಸರಿಟ್ಟಿತ್ತು. ಗೌತಮ ಮುನಿಯ ನ್ಯಾಯಸೂತ್ರವು ಐದು ಹೇತ್ವಾಭಾಸಗಳನ್ನು, ಅಂದರೆ ಕಾರಣದಂತೆ ಕಂಡರೂ ಕಾರಣವಲ್ಲದವುಗಳನ್ನು, ಎಣಿಸುತ್ತದೆ. ಅವುಗಳಲ್ಲಿ ಮೊದಲನೆಯದು ಸವ್ಯಭಿಚಾರ. ನಾವು ಮುಂದಿಟ್ಟ ಗುರುತು ನಮ್ಮ ತೀರ್ಮಾನ ಸಲ್ಲದ ಕಡೆಯಲ್ಲೂ ಕಾಣಿಸಿಕೊಂಡರೆ ಅದನ್ನು ನಂಬಿ ಕೂರುವಂತಿಲ್ಲ. ಹೊಗೆ ಕಂಡರೆ ಬೆಂಕಿ ಇದೆ ಎನ್ನಬಹುದು. ಆದರೆ ಬೆಂಕಿ ಇದೆಯೆಂದು ಹೊಗೆಯನ್ನು ಸಾಧಿಸಲಾಗದು, ಏಕೆಂದರೆ ಕೆಂಪಗೆ ಕಾದ ಕಬ್ಬಿಣದಲ್ಲಿ ಬೆಂಕಿಯಿದ್ದರೂ ಹೊಗೆಯಿರುವುದಿಲ್ಲ, ಹೊಗೆಗೆ ಹಸಿ ಕಟ್ಟಿಗೆಯೂ ಬೇಕು. 'ದೇವಾನಾಂಪಿಯ' ಎಂಬ ಬಿರುದೂ ಹಾಗೆಯೇ, ಒಬ್ಬನಿಗಿಂತ ಹೆಚ್ಚು ಅರಸರಿಗೆ ಸಲ್ಲುತ್ತಿತ್ತು.

1915ರಲ್ಲಿ ನಿಜಾಮರ ರಾಜ್ಯದಲ್ಲಿ ಚಿನ್ನದ ಗಣಿ ಕೆಲಸದಲ್ಲಿದ್ದ ಬೀಡನ್ ಎಂಬ ಎಂಜಿನಿಯರ್‌ಗೆ ಮಸ್ಕಿಯ ಶಾಸನ ಕಂಡಿತು. ಅದರಲ್ಲಿ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಇತ್ತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೆಗೋಳಗಳಲ್ಲೂ ಆ ಹೆಸರು ಸಿಕ್ಕಿತು. ಟರ್ನರ್ ಹೇಳಿದ್ದು ಮೊದಲೇ ಸರಿಯಿತ್ತು, ಆದರೆ ಅದು ಸಿಂಹಳದ ಗ್ರಂಥಗಳ ಆಧಾರದ ಮೇಲೆ ನಿಂತಿತ್ತು. ಆ ಗ್ರಂಥಗಳಿಗೆ ಸಂಬಂಧವೇ ಇಲ್ಲದ ಕಲ್ಲೊಂದು ಅದೇ ಮಾತನ್ನು ಹೇಳಿದಾಗ ವಾದಕ್ಕೆ ಎರಡನೆಯ ಕಾಲು ಬಂದಿತು. ಒಂದೇ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ನಲವತ್ತು ಗುಂಪುಗಳಿಂದ ಬಂದರೆ ಹಾಗಾಗುವುದಿಲ್ಲ. ಸಾಕ್ಷಿ ಒಂದೇ ಆಗಿರುತ್ತದೆ.

ಸಿಂಧನೂರಿನ ಹತ್ತಿರದ ಚಹಾ ಅಂಗಡಿಯಲ್ಲಿ ಮೆಣಸಿನಕಾಯಿ ಬೆಳೆಯುವ ಹಿರಿಯರೊಬ್ಬರು ಹೊಸ ಔಷಧವೊಂದನ್ನು ಹೊಗಳುತ್ತಿದ್ದರು: "ಈ ಎಣ್ಣಿ ಹೊಡದ ಎಂಟು ದಿನಕ್ಕ ಗಿಡ ಹೆಂಗ ಚಿಗತಾವ ನೋಡ್ರಿ." ಎಲೆ ಮುಟುರಿಕೊಳ್ಳುವುದಕ್ಕೆ ಕಾರಣವಾದ ಥ್ರಿಪ್ಸ್ ನುಸಿ ಜೋರು ಮಳೆಗೆ ತೊಳೆದುಹೋಗುತ್ತದೆ, ಆ ಎಂಟು ದಿನಗಳಲ್ಲಿ ಎರಡು ಸಲ ಮಳೆಯಾಗಿತ್ತು. ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಗಂಟು ಹಾಕುವ ಕಾಕತಾಳೀಯ ಇದೇ. ಔಷಧ ಕೆಲಸ ಮಾಡಿಲ್ಲವೆಂದೂ ಇದರಿಂದ ಹೇಳಲಾಗದು; ಕೆಟ್ಟ ಕಾರಣ ಕೊಟ್ಟ ಮಾತ್ರಕ್ಕೆ ಮಾತು ಸುಳ್ಳಾಗುವುದಿಲ್ಲ, ವಾದಕ್ಕೆ ಇಳಿದವರೆಲ್ಲ ಮರೆಯುವುದು ಇದನ್ನೇ.

ಮಳೆಯ ವಿಷಯ ಎತ್ತಿದಾಗ ಪಕ್ಕದಲ್ಲಿದ್ದವರು "ನೀವ್ ಹೊಲ ಮಾಡಿದವರಲ್ಲ ಬಿಡ್ರಿ" ಎಂದರು. ಅದು ನಿಜ, ಆದರೆ ನಾನು ಯಾರಾದರೇನು, ಮಳೆ ಬಿದ್ದದ್ದು ಬಿದ್ದದ್ದೇ. ಗೆಲ್ಲುವುದಕ್ಕೆಂದು ಆಡುವ ಜಲ್ಪವನ್ನು ತಿಳಿಯುವುದಕ್ಕೆಂದು ಆಡುವ ವಾದದಿಂದ ನ್ಯಾಯಸೂತ್ರ ಬೇರೆಯಾಗಿಯೇ ಇಟ್ಟಿದೆ.

ಹಿರಿಯರು ಮಾತ್ರ ಕೋಪಿಸಿಕೊಳ್ಳಲಿಲ್ಲ. ಮುಂದಿನ ಸಲ ಎರಡು ಸಾಲಿಗೆ ಔಷಧ ಹೊಡೆಯದೆ ಬಿಟ್ಟರೆ ಮಳೆ ಎರಡೂ ಕಡೆ ಒಂದೇ ಸಮನೆ ಬಿದ್ದು, ಔಷಧದ್ದೇ ವ್ಯತ್ಯಾಸ ಕಾಣುತ್ತದೆ ಎಂದೆ. ಅವರು ಲೋಟ ಕೆಳಗಿಟ್ಟು, "ಬಿಟ್ಟ ಸಾಲಿನ ಹುಳ ಈ ಕಡಿ ಹಾರಿ ಬರಂಗಿಲ್ಲೇನ್ರಿ?" ಎಂದು ಕೇಳಿದರು. ನನ್ನ ಯೋಜನೆಯ ನಿಜವಾದ ಲೋಪವನ್ನೇ ಅವರು ಹಿಡಿದಿದ್ದರು. ಬಿಡುವ ಸಾಲು ಹೊಲದ ಅಂಚಿನಲ್ಲಿರಲಿ, ನಡುವೆ ನಾಲ್ಕಾರು ಸಾಲು ಲೆಕ್ಕಕ್ಕೆ ಹಿಡಿಯದಿರಲಿ ಎಂದು ಇಬ್ಬರೂ ಕೂಡಿ ನಿಶ್ಚಯಿಸಿದೆವು.