ಗುಟ್ಕಾ ಹೋಯಿತು, ಜೋಡಿ ಪೊಟ್ಟಣ ಬಂತು

ನಮ್ಮೂರ ಬಸ್ ಸ್ಟ್ಯಾಂಡ್ ಎದುರಿನ ಗೂಡಂಗಡಿಯಲ್ಲಿ ಪೊಟ್ಟಣಗಳ ಎರಡು ಸರ ಪಕ್ಕಪಕ್ಕ ನೇತಾಡುತ್ತಿರುತ್ತವೆ. ಒಂದು ಪಾನ್ ಮಸಾಲದ್ದು, ಇನ್ನೊಂದು ತಂಬಾಕಿನದ್ದು. ಗಿರಾಕಿ ಬಾಯಿಬಿಟ್ಟು ಕೇಳಬೇಕಿಲ್ಲ, ಅಂಗಡಿಯವರೇ ಎರಡರಿಂದಲೂ ಒಂದೊಂದು ಹರಿದು ಕೊಡುತ್ತಾರೆ. ಅವನು ದೊಡ್ಡ ಪೊಟ್ಟಣದ ತುದಿಯನ್ನು ಹಲ್ಲಲ್ಲಿ ಕಚ್ಚಿ ಹರಿದು, ಚಿಕ್ಕದನ್ನು ಅದರೊಳಗೆ ಸುರಿದು, ನಾಲ್ಕು ಸಲ ಅಲ್ಲಾಡಿಸಿ ಬಾಯಿಗೆ ಹಾಕಿಕೊಳ್ಳುತ್ತಾನೆ. ಅಲ್ಲಿಗೆ ಗುಟ್ಕಾ ಆಯಿತು. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರ ಮೇ ಕೊನೆಯಲ್ಲಿ.

ಹಾಗಾದರೆ ನಿಷೇಧ ಇದೆಯೋ ಇಲ್ಲವೋ ಅಂತ ಬಹಳ ಜನ ಕೇಳುತ್ತಾರೆ. ಇದೆ. ಆದರೆ ಅದು ಯಾವುದರ ಮೇಲಿದೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಪೋರ್ಚುಗೀಸರ ಹಡಗಿನಲ್ಲಿ ಬಂದ ಹೊಗೆಸೊಪ್ಪು ನಾನೂರು ವರ್ಷಗಳಲ್ಲಿ ನಿಪ್ಪಾಣಿಯ ಬೀಡಿ ತಂಬಾಕಾಗಿ, ಹುಣಸೂರು-ಪಿರಿಯಾಪಟ್ಟಣದ ಸಿಗರೇಟ್ ತಂಬಾಕಾಗಿ, ದಕ್ಷಿಣ ಕನ್ನಡದ ಹೆಂಗಸರು ಮನೆಯಲ್ಲೇ ಕೂತು ಕಟ್ಟುವ ಬೀಡಿಯಾಗಿ, ಅಜ್ಜಿಯರ ಎಲೆಅಡಿಕೆ ಜತೆಗಿನ ಕಡ್ಡಿಪುಡಿಯಾಗಿ ಇಲ್ಲೇ ನೆಲೆಯೂರಿತು. 1975ರಲ್ಲಿ ಬಂದ ಕಾಯ್ದೆ ಸಿಗರೇಟ್ ಪ್ಯಾಕಿನ ಮೇಲೆ ಒಂದು ಸಾಲಿನ ಎಚ್ಚರಿಕೆ ಹಾಕಿಸಿತು. ಬೀಡಿ ಮತ್ತು ಜಗಿಯುವ ತಂಬಾಕು ಅದರ ಲೆಕ್ಕಕ್ಕೇ ಬರಲಿಲ್ಲ. ಅವೆಲ್ಲ ಒಂದೇ ಕಾನೂನಿನಡಿ ಬಂದಿದ್ದು 2003ರ ಕೋಟ್ಪಾದಲ್ಲಿ, ಅಂದರೆ ಸಿಗರೇಟ್ ಮತ್ತು ಇತರ ತಂಬಾಕು ಉತ್ಪನ್ನಗಳ ಕೇಂದ್ರ ಕಾಯ್ದೆಯಲ್ಲಿ. 2008ರ ಗಾಂಧಿ ಜಯಂತಿಯಿಂದ ಸಾರ್ವಜನಿಕ ಜಾಗದಲ್ಲಿ ಸೇದುವುದಕ್ಕೆ ಕಟ್ಟುನಿಟ್ಟಿನ ನಿಯಮ ಬಂತು. 2009ರಲ್ಲಿ ಪೊಟ್ಟಣಗಳ ಮೇಲೆ ಚಿತ್ರದ ಎಚ್ಚರಿಕೆ ಬಂತು, ಜಗಿಯುವ ತಂಬಾಕಿನ ಮೇಲೆ ಚೇಳಿನ ಚಿತ್ರ ಹಾಕಿದ್ದು ಹಲವರಿಗೆ ನೆನಪಿರಬಹುದು.

ಈ ನಡುವೆ ಬೆಳೆದಿದ್ದು ಗುಟ್ಕಾ. ಮೊದಲು ಎಲೆಅಡಿಕೆ ಹಾಕಬೇಕಾದರೆ ಎಲೆ ಒರೆಸಬೇಕು, ಸುಣ್ಣ ಹಚ್ಚಬೇಕು, ಅಡಿಕೆ ಕತ್ತರಿಸಬೇಕು, ಒಂದು ಕಡೆ ಕೂರಬೇಕು. ಅದಕ್ಕೊಂದು ಹೊತ್ತಿತ್ತು. ಎಂಬತ್ತರ ದಶಕದಿಂದ ಪೊಟ್ಟಣ ಊರೂರಿಗೂ ತಲುಪಿದ ಮೇಲೆ ಅಡಿಕೆ, ಸುಣ್ಣ, ತಂಬಾಕು, ಪರಿಮಳ ಎಲ್ಲ ಚಿಲ್ಲರೆ ಕಾಸಿಗೆ ಸಿಗತೊಡಗಿತು, ಬಸ್ ಓಡಿಸುತ್ತಾ, ಗಾರೆ ಕೆಲಸ ಮಾಡುತ್ತಾ, ಶಾಲೆ ಚೀಲ ಹೊತ್ತುಕೊಂಡೇ ಹಾಕಿಕೊಳ್ಳಬಹುದಾಯಿತು. ಬಾಯೊಳಗಿನ ಚರ್ಮ ಮೆಲ್ಲಗೆ ಬಿಗಿಯುವ ಕಾಯಿಲೆ ಹರೆಯದವರಲ್ಲೂ ಜಾಸ್ತಿಯಾಯಿತು. ದಂತವೈದ್ಯರ ಹತ್ತಿರ ಹೋದರೆ ಬೆರಳುಗಳನ್ನು ಜೋಡಿಸಿ ಒಂದರ ಮೇಲೊಂದು ನಿಲ್ಲುವಂತೆ ಬಾಯೊಳಗೆ ಹಿಡಿಯಲು ಹೇಳುತ್ತಾರೆ. ಸಾಮಾನ್ಯವಾಗಿ ಮೂರು ಬೆರಳು ಹಿಡಿಸುತ್ತವೆ. ಈ ಕಾಯಿಲೆ ಬಲಿತವರಿಗೆ ಒಂದೇ ಹಿಡಿಸುತ್ತದೆ. ಊಟದ ತುತ್ತು ಒಳಗೆ ಹೋಗುವುದಿಲ್ಲ, ಖಾರ ತಡೆಯುವುದಿಲ್ಲ, ಕೆಲವರಿಗೆ ಅದೇ ಮುಂದೆ ಕ್ಯಾನ್ಸರ್ ಆಗುತ್ತದೆ.

ಮಹಾರಾಷ್ಟ್ರ, ತಮಿಳುನಾಡು ಮೊದಲೇ ನಿಷೇಧಕ್ಕೆ ಕೈ ಹಾಕಿದ್ದವು. 2004ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಒಪ್ಪಲಿಲ್ಲ, ಆಗಿನ ಆಹಾರ ಕಾನೂನಿನಡಿ ರಾಜ್ಯಗಳಿಗೆ ಆ ಅಧಿಕಾರ ಇಲ್ಲ ಎಂದಿತು. ದಾರಿ ತೆರೆದಿದ್ದು 2011ರಲ್ಲಿ. ಹೊಸ ಆಹಾರ ಸುರಕ್ಷತೆ ನಿಯಮಗಳಲ್ಲಿ ಒಂದು ಸಣ್ಣ ಸಾಲಿತ್ತು: ಯಾವ ಆಹಾರ ಪದಾರ್ಥದಲ್ಲೂ ತಂಬಾಕು, ನಿಕೋಟಿನ್ ಬೆರೆಸುವಂತಿಲ್ಲ. ಪಾನ್ ಮಸಾಲ ಆಹಾರ, ಗುಟ್ಕಾ ಅಂದರೆ ತಂಬಾಕು ಬೆರೆತ ಪಾನ್ ಮಸಾಲ, ಹಾಗಾಗಿ ಅದು ಕಾನೂನುಬಾಹಿರ. ಈ ಸಾಲು ಹಿಡಿದು 2012ರ ಏಪ್ರಿಲ್‌ನಲ್ಲಿ ಮಧ್ಯಪ್ರದೇಶ ಮೊದಲು ನಿಷೇಧಿಸಿತು, ಕೇರಳ ಅದರ ಬೆನ್ನಲ್ಲೇ ಬಂತು, ಮರುವರ್ಷ ವಿಶ್ವ ತಂಬಾಕು ರಹಿತ ದಿನದ ಹೊತ್ತಿಗೆ ನಮ್ಮ ಸರದಿ.

ಆಗ ಮಲೆನಾಡಿನಲ್ಲಿ ಇದ್ದ ದಿಗಿಲು ಸಣ್ಣದಲ್ಲ. ಗುಟ್ಕಾ ಹೋದರೆ ಅಡಿಕೆಯನ್ನು ಕೇಳುವವರು ಯಾರು ಅಂತ ಶಿವಮೊಗ್ಗ ಕಡೆ ಬೆಳೆಗಾರರು ಬೀದಿಗಿಳಿದರು. ಅವರ ಭಯ ಸುಳ್ಳಲ್ಲ. ತೋಟ ಅಂದರೆ ಈ ವರ್ಷ ಬಿಟ್ಟು ಮುಂದಿನ ವರ್ಷ ಬೇರೆ ಹಾಕುವ ಬೆಳೆಯಲ್ಲ. ಆದರೆ ಮರುವರ್ಷ ಅಡಿಕೆ ದರ ಬೀಳುವ ಬದಲು ಏರಿತು! ಪಾನ್ ಮಸಾಲ ಮಾರಾಟ ನಿಂತಿರಲಿಲ್ಲ, ಅದರಿಂದ ತಂಬಾಕು ಮಾತ್ರ ಹೊರಬಂದು ಪಕ್ಕದ ಪೊಟ್ಟಣ ಸೇರಿತ್ತು. ಅಡಿಕೆಯೇ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಹೇಳಿದ್ದನ್ನು ನಮ್ಮಲ್ಲಿ ಯಾರೂ ಗಟ್ಟಿಯಾಗಿ ಚರ್ಚಿಸಲಿಲ್ಲ. ಬೆಳೆಗಾರರನ್ನು ಜತೆಗೆ ಕೂರಿಸಿಕೊಂಡು ಆ ಮಾತು ಆಡಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಈ ಜೋಡಿ ಪೊಟ್ಟಣದ ವಿಷಯ ಗುಟ್ಟೇನೂ ಆಗಿರಲಿಲ್ಲ. ನಮ್ಮಲ್ಲಿ ನಿಷೇಧ ಬರುವ ಮೊದಲೇ, 2013ರ ಏಪ್ರಿಲ್‌ನಲ್ಲಿ, ಸುಪ್ರೀಂ ಕೋರ್ಟ್ ಮುಂದೆ ಇದು ಪ್ರಸ್ತಾಪವಾಗಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಅದೇ ಕೋರ್ಟ್ ನಿಷೇಧವನ್ನು ಸರಿಯಾಗಿ ಪಾಲಿಸಿ ಅಂತ ರಾಜ್ಯಗಳಿಗೆ ಹೇಳಿತು. ತೊಡಕು ಇರುವುದು ಇಲ್ಲೇ. ಬೆರೆಸಿ ಮಾರಿದರೆ ಆಹಾರ ಕಾನೂನು ಹಿಡಿಯುತ್ತದೆ. ಬೇರೆ ಪೊಟ್ಟಣದಲ್ಲಿ ಎಚ್ಚರಿಕೆ ಚಿತ್ರ ಹಾಕಿ ತಂಬಾಕು ಮಾರಿದರೆ ಅದು ಕೋಟ್ಪಾ ಕಾಯ್ದೆಯ ವ್ಯಾಪ್ತಿ, ಅಲ್ಲಿ ನಿಗದಿತ ವಯಸ್ಸು ದಾಟಿದವರಿಗೆ ಮಾರುವುದು ತಪ್ಪಲ್ಲ. ಬೆರೆಯುವುದು ಗಿರಾಕಿಯ ಕೈಯಲ್ಲಿ, ಅವನನ್ನು ಯಾವ ಕಾನೂನೂ ಕೇಳುವುದಿಲ್ಲ.

ಹಾಗಂತ ಏನೂ ಆಗಿಲ್ಲ ಅನ್ನುವುದು ತಪ್ಪು. ಕರ್ನಾಟಕದಲ್ಲಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುವ ವಯಸ್ಕರು 2009-10ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಶೇ 28.2 ಇದ್ದರು, 2016-17ರಲ್ಲಿ ಶೇ 22.8ಕ್ಕೆ ಇಳಿದರು. ಆದರೆ ಒಳಗಿನ ಲೆಕ್ಕ ನೋಡಿ. ಸೇದುವವರು ಶೇ 8.8, ಹೊಗೆ ಇಲ್ಲದ ತಂಬಾಕು ಬಳಸುವವರು ಶೇ 16.3. ಹೆಚ್ಚುಕಡಿಮೆ ಎರಡು ಪಟ್ಟು. ನಮ್ಮ ಗಲಾಟೆಯೆಲ್ಲ ಮಾತ್ರ ಹೊಗೆಯ ಸುತ್ತ. 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದು ಬಂದ ರಾಜ್ಯದ ಕೋಟ್ಪಾ ತಿದ್ದುಪಡಿ ಕಾಯ್ದೆಯಲ್ಲೂ ಸುದ್ದಿಯಾಗಿದ್ದು ಹುಕ್ಕಾ ಬಾರ್ ನಿಷೇಧ. ಅದರಲ್ಲೇ ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿದೆ, ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200 ರೂಪಾಯಿಯಿಂದ 1,000 ರೂಪಾಯಿ ಆಗಿದೆ. ಒಳ್ಳೆಯದೇ. ಆದರೆ ಗೂಡಂಗಡಿಯಲ್ಲಿ ವಯಸ್ಸು ಕೇಳುವವರು ಯಾರು ಹೇಳಿ.

ತಂಬಾಕಿನ ಪೊಟ್ಟಣವನ್ನೇ ನಿಲ್ಲಿಸಲು ತಮಿಳುನಾಡು ಹೊರಟಿತ್ತು, ಜಗಿಯುವ ತಂಬಾಕನ್ನೂ ನಿಷೇಧದೊಳಗೆ ಸೇರಿಸಿತು. 2023ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ರದ್ದು ಮಾಡಿತು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಜಗಿಯುವ ತಂಬಾಕು ಆಹಾರವೋ ಅಲ್ಲವೋ ಅನ್ನುವುದೇ ಅಲ್ಲಿನ ಪ್ರಶ್ನೆ. ಅದಕ್ಕೆ ಸಿಗುವ ಉತ್ತರದ ಮೇಲೆ ನಮ್ಮೂರ ಗೂಡಂಗಡಿಯ ಎರಡನೇ ಸರದ ಗತಿಯೂ ನಿಂತಿದೆ.