ಹೆಬ್ಬೆಟ್ಟು ಸವೆದರೆ ವೋಟು ಹೋಗಲ್ಲ ಮಾರಾಯ್ರೆ

ಓದುಗರ ಪ್ರಶ್ನೆ: ನಮ್ಮ ಅಜ್ಜಿಗೆ 87 ವರ್ಷ. ಆಲ್ದೂರಿನ ಹತ್ತಿರ ನಮ್ಮ ಮನೆ. ಅಜ್ಜಿ ಹಾಸಿಗೆ ಬಿಟ್ಟು ಏಳೋದೇ ಕಷ್ಟ. ವೋಟರ್ ಕಾರ್ಡ್ ಎಲ್ಲೋ ಕಳೆದುಹೋಗಿದೆ. ಆಧಾರ್ ಇದೆ, ಆದರೆ ಸೊಸೈಟಿಯಲ್ಲಿ ಅವರ ಥಂಬ್ ತಗೊಳ್ಳೋದೇ ಇಲ್ಲ. ಈಗ ರೂಲ್ಸ್ ಎಲ್ಲ ಟೈಟ್ ಆಗಿದೆ, ಥಂಬ್ ಮ್ಯಾಚ್ ಆಗದಿದ್ದರೆ ಮನೆಗೆ ಬಂದವರು ವೋಟು ಹಾಕಿಸದೇ ವಾಪಸ್ ಹೋಗ್ತಾರೆ ಅಂತಾರೆ. ಹೌದಾ?

ಉತ್ತರ: ಅಲ್ಲ.

ಈ ಪ್ರಶ್ನೆ ಪ್ರತಿ ಚುನಾವಣೆಗೂ ಬರುತ್ತದೆ. ಒಮ್ಮೆ ಸಕಲೇಶಪುರದಿಂದ, ಒಮ್ಮೆ ಕೊಪ್ಪದಿಂದ, ಒಮ್ಮೆ ಅರಕಲಗೂಡಿನಿಂದ. ಅಜ್ಜಿ ಇದ್ದ ಜಾಗದಲ್ಲಿ ಅಜ್ಜ ಬರುತ್ತಾರೆ. ಥಂಬ್ ಮಾತ್ರ ಹಾಗೇ ಇರುತ್ತದೆ. ಚುನಾವಣಾ ಡ್ಯೂಟಿ ಮಾಡಿ, ಡ್ಯೂಟಿಗೆ ಹೋಗುವವರಿಗೆ ಪಾಠವನ್ನೂ ಮಾಡಿದ ಮೇಷ್ಟ್ರು ನಾನು. ಹಾಗಾಗಿ ಈ ಸಲ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ದಯವಿಟ್ಟು ಮುಂದಿನ ಸಲ ಇದನ್ನೇ ಫಾರ್ವರ್ಡ್ ಮಾಡಿ.

ಮೊದಲು ನಿಮ್ಮ ಮನೆಯ ವಿಷಯ. ಮತದಾರರ ಪಟ್ಟಿಯಲ್ಲಿ ಅಜ್ಜಿಯ ಹೆಸರು ಇರಬೇಕು. ಪಟ್ಟಿಯ ಪ್ರಕಾರ 85 ದಾಟಿರಬೇಕು. ಆಗ 12ಡಿ ಫಾರಂ ಕೊಟ್ಟು ಮನೆಯಿಂದಲೇ ವೋಟು ಹಾಕಬಹುದು. ಸರ್ಕಾರದ ಭಾಷೆಯಲ್ಲಿ ಇವರು ‘ಗೈರುಹಾಜರಿ ಮತದಾರರು’. ಕಾರ್ಡ್ ಕಳೆದಿದ್ದರೆ ಆಧಾರ್ ತೋರಿಸಿ, ಸಾಕು. ಕಾರ್ಡನ್ನು ತೋರಿಸಬೇಕು ಅಷ್ಟೇ, ಬೆರಳು ಒತ್ತಬೇಕಾಗಿಲ್ಲ.

ಈಗ ಆ ಥಂಬ್ ಕಥೆಗೆ ಬರೋಣ.

ಇದು ಹುಟ್ಟಿದ್ದು ಎಲ್ಲಿ ಅಂತ ಹುಡುಕಲು ದೂರ ಹೋಗಬೇಕಾಗಿಲ್ಲ. ಮಲೆನಾಡಿನ ಯಾವ ಸೊಸೈಟಿಗಾದರೂ ಹೋಗಿ ಐದು ನಿಮಿಷ ನಿಲ್ಲಿ. ಜೀವಮಾನವೆಲ್ಲ ಕಾಫಿ ಹಣ್ಣು ಕೊಯ್ದು, ಮೆಣಸು ಉದುರಿಸಿ, ಅಡಿಕೆ ಸುಲಿದ ಕೈಗಳು. ಬೆರಳ ತುದಿಯಲ್ಲಿ ಗೆರೆಯೇ ಉಳಿದಿರುವುದಿಲ್ಲ. ಅಜ್ಜಿ ಹೆಬ್ಬೆಟ್ಟು ಇಡುತ್ತಾರೆ, ಮಿಷನ್ ಒಪ್ಪುವುದಿಲ್ಲ. ಸೆರಗಿನಲ್ಲಿ ಒರೆಸಿ ಮತ್ತೆ ಇಡುತ್ತಾರೆ. ಆ ಬೆರಳು ಇಡಿ, ಈ ಬೆರಳು ಇಡಿ ಅಂತ ಹತ್ತೂ ಬೆರಳಿನ ಮೆರವಣಿಗೆ ಆಗುತ್ತದೆ. ಹಿಂದೆ ನಿಂತವರು ಗೊಣಗುತ್ತಾರೆ. ಕೊನೆಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ ಅಜ್ಜಿ’. ಇಷ್ಟು ನೋಡಿದ ಮೇಲೆ ಸರ್ಕಾರದ ಎಲ್ಲ ಕೆಲಸಕ್ಕೂ ಬೆರಳು ಬೇಕು ಅನ್ನಿಸಿದರೆ ಆಶ್ಚರ್ಯವೇನಿಲ್ಲ. ಅನ್ನಿಸಿದ್ದು ತಪ್ಪಲ್ಲ, ಆದರೆ ಅದು ನಿಜವೂ ಅಲ್ಲ.

ರೇಷನ್ನಿಗೆ ಬೆರಳು ಕೇಳುವುದು ಒಂದು ವ್ಯವಸ್ಥೆ. ವೋಟಿನದು ಬೇರೆಯೇ ವ್ಯವಸ್ಥೆ. ಮತಗಟ್ಟೆಯಲ್ಲಾಗಲಿ, ಮನೆಗೆ ಬರುವ ತಂಡದ ಚೀಲದಲ್ಲಾಗಲಿ ಬೆರಳಚ್ಚು ಓದುವ ಮಿಷನ್ ಇರುವುದಿಲ್ಲ. ಮನೆಗೆ ಬರುವಾಗ ಅವರು ತರುವುದು ಮತದಾರರ ಪಟ್ಟಿ, ಕಾಗದದ ಮತಪತ್ರ, ಒಂದು ಘೋಷಣೆಯ ಫಾರಂ, ಎರಡು ಲಕೋಟೆ ಮತ್ತು ಮರೆ ಮಾಡಲು ಒಂದು ರಟ್ಟು. ಗುರುತಿಗೆ ಅವರು ಮಾಡುವುದು ಇಷ್ಟೇ: ಕಾರ್ಡಿನ ಫೋಟೊ ನೋಡುತ್ತಾರೆ, ಅಜ್ಜಿಯ ಮುಖ ನೋಡುತ್ತಾರೆ, ಪಟ್ಟಿಯ ಹೆಸರು ನೋಡುತ್ತಾರೆ. ಮನುಷ್ಯರು ಮನುಷ್ಯರನ್ನು ನೋಡಿ ಗುರುತಿಸುವ ಹಳೇ ಪದ್ಧತಿ.

‘ಆದರೆ ಸಾರ್, ಬೂತಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ತಾರಲ್ಲ?’ ಹೌದು, ಒತ್ತಿಸಿಕೊಳ್ಳುತ್ತಾರೆ. ಸಹಿ ಬಾರದವರು 17ಎ ಎಂಬ ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ. ಅದು ಇಂಕ್ ಪ್ಯಾಡಿನ ಹೆಬ್ಬೆಟ್ಟು, ಸಹಿಯ ಬದಲಿಗೆ. ಅದನ್ನು ಯಾವ ಕಂಪ್ಯೂಟರಿಗೂ ಹೋಲಿಸಿ ನೋಡುವುದಿಲ್ಲ. ಗೆರೆ ಮೂಡದೆ ಬರೀ ನೀಲಿ ಮಚ್ಚೆ ಬಿದ್ದರೂ ಅದು ಹೆಬ್ಬೆಟ್ಟೇ.

ಅಷ್ಟೇ ಅಲ್ಲ, ನಿಯಮ ಬರೆದವರಿಗೆ ನಿಮ್ಮ ಅಜ್ಜಿಯ ಬೆರಳಿಗಿಂತ ಕಷ್ಟದ ಬೆರಳುಗಳೂ ಗೊತ್ತಿದ್ದವು. ಶಾಯಿ ಹಚ್ಚುವ ನಿಯಮವನ್ನೇ ನೋಡಿ. ಎಡಗೈ ತೋರುಬೆರಳಿಗೆ ಹಚ್ಚಬೇಕು. ಆ ಬೆರಳೇ ಇಲ್ಲದಿದ್ದರೆ ಎಡಗೈಯ ಬೇರೆ ಬೆರಳಿಗೆ. ಎಡಗೈಯಲ್ಲಿ ಬೆರಳೇ ಇಲ್ಲದಿದ್ದರೆ ಬಲಗೈಯ ಬೆರಳಿಗೆ. ಎರಡೂ ಕೈಯಲ್ಲಿ ಬೆರಳಿಲ್ಲದಿದ್ದರೆ ಉಳಿದ ತೋಳಿನ ತುದಿಗೆ. ಬೆರಳೇ ಇಲ್ಲದವರಿಗೂ ವೋಟು ಇದೆ ಅಂತ ಇಷ್ಟು ಬಿಡಿಸಿ ಬರೆದ ನಿಯಮಗಳು ಸವೆದ ಬೆರಳಿಗೆ ಬಾಗಿಲು ಹಾಕುತ್ತವಾ? ಅಂದ ಹಾಗೆ, ಆ ಶಾಯಿ ನಮ್ಮ ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಂಪನಿಯದು. 1962ರಿಂದ ದೇಶದ ಬೆರಳುಗಳಿಗೆಲ್ಲ ಅದೇ ಶಾಯಿ.

ಇನ್ನೂ ಒಂದು ಸಾಕ್ಷಿ ಕೊಡುತ್ತೇನೆ. ಬೂತಿನಲ್ಲಿ ಅಭ್ಯರ್ಥಿಯ ಕಡೆಯ ಒಬ್ಬ ಏಜೆಂಟ್ ಎದ್ದು ‘ಇವರು ಆ ಹೆಸರಿನವರಲ್ಲ’ ಅಂತ ತಕರಾರು ಮಾಡಬಹುದು. ಅದಕ್ಕೆ ಅವನು 2 ರೂಪಾಯಿ ಕಟ್ಟಬೇಕು. ಹೌದು, ಈಗಲೂ ಎರಡೇ ರೂಪಾಯಿ. ಆಗ ಬೂತಿನ ಮುಖ್ಯಸ್ಥರಾದ ಪ್ರಿಸೈಡಿಂಗ್ ಆಫೀಸರ್ ಏನು ಮಾಡುತ್ತಾರೆ? ಸಾಕ್ಷಿ ಏನಿದೆ ಅಂತ ಏಜೆಂಟನ್ನು ಕೇಳುತ್ತಾರೆ. ಮತದಾರರನ್ನು ನಾಲ್ಕು ಪ್ರಶ್ನೆ ಕೇಳುತ್ತಾರೆ. ಅಲ್ಲೇ ತೀರ್ಮಾನ ಮಾಡುತ್ತಾರೆ. ಗುರುತಿನ ಬಗ್ಗೆ ಜಗಳವೇ ಬಿದ್ದಾಗಲೂ ಬೆರಳಿನ ಮಿಷನ್ ಬರುವುದಿಲ್ಲ ಅಂದಮೇಲೆ, ಸುಮ್ನೆ ವೋಟು ಹಾಕುವವರಿಗೆ ಎಲ್ಲಿಂದ ಬರುತ್ತದೆ?

ಇದರ ತಮ್ಮ ಇನ್ನೊಂದು ಸುದ್ದಿ ಇದೆ: ‘ಆಧಾರ್ ಲಿಂಕ್ ಆಗದಿದ್ದರೆ ಹೆಸರು ಹೋಗುತ್ತೆ’. 6ಬಿ ಫಾರಂ ಕೊಟ್ಟು ಲಿಂಕ್ ಮಾಡಿಸುವುದು ಕಡ್ಡಾಯವಲ್ಲ ಅಂತ ಚುನಾವಣಾ ಆಯೋಗವೇ 2023ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿದೆ. ಅಲ್ಲಿಗೆ ಇದು ಮುಗಿಯಿತು.

ಹಾಗಾದರೆ ರೂಲ್ಸ್ ಟೈಟ್ ಆಗಿಯೇ ಇಲ್ಲವಾ? ಆಗಿದೆ. ಆದರೆ ನೀವು ಹೆದರುತ್ತಿರುವ ಕಡೆ ಅಲ್ಲ.

ಮೊದಲನೆಯದು ವಯಸ್ಸು. 2023ರ ಮೇ 10ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೆಲ್ಲ ಮನೆ ವೋಟು ಇತ್ತು. 2024ರ ಮಾರ್ಚ್‌ನಲ್ಲಿ ನಿಯಮ ಬದಲಾಗಿ 85 ಆಯಿತು. ಅಂದರೆ 81ನೇ ವಯಸ್ಸಿಗೆ ಮನೆಯಲ್ಲಿ ಕೂತು ವೋಟು ಹಾಕಿದ ಅಜ್ಜ, ಮರುವರ್ಷ 82 ಆದಾಗ ಬೂತಿಗೆ ನಡೆಯಬೇಕಾಯಿತು. ವಯಸ್ಸು ಹೆಚ್ಚಿದಂತೆ ಸೌಲಭ್ಯ ಕಡಿಮೆಯಾದ ಈ ಲೆಕ್ಕ ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ನಮ್ಮ ಘಾಟಿ ಕಡೆಯ ಒಂಟಿ ಮನೆಗಳಿಂದ ಬೂತಿಗೆ ಇಳಿದು ಹತ್ತುವುದು ಏನು ಅಂತ ದೆಹಲಿಯ ಟೇಬಲ್ಲಿಗೆ ಗೊತ್ತಾಗುವುದಿಲ್ಲ. 80ರಿಂದ 84ರವರು ಬೂತಿಗೇ ಹೋಗಬೇಕು. ಕ್ಯೂನಲ್ಲಿ ನಿಲ್ಲಬೇಕಾಗಿಲ್ಲ, ಮುಂದೆ ಬಿಡುತ್ತಾರೆ. ಕಣ್ಣು ಕಾಣದಿದ್ದರೆ ಅಥವಾ ಗುಂಡಿ ಒತ್ತಲು ಶಕ್ತಿಯಿಲ್ಲದಿದ್ದರೆ 18 ದಾಟಿದ ಒಬ್ಬರನ್ನು ಜೊತೆಗೆ ಕರೆದೊಯ್ಯಬಹುದು. ಆದರೆ ಹಾಗೆ ಜೊತೆಗೆ ಹೋದವರು ಅವತ್ತು ಇನ್ನೊಬ್ಬರಿಗೆ ಜೊತೆಯಾಗುವಂತಿಲ್ಲ. ಅಜ್ಜ ಅಜ್ಜಿ ಇಬ್ಬರಿಗೂ ಸಹಾಯ ಬೇಕಿದ್ದರೆ ಮನೆಯಿಂದ ಇಬ್ಬರು ಹೋಗಿ.

ಎರಡನೆಯದು ದಾಖಲೆ. ವೋಟರ್ ಕಾರ್ಡ್ ಇಲ್ಲದಿದ್ದರೆ ಆಧಾರ್, ಪ್ಯಾನ್, ಲೈಸೆನ್ಸ್, ಪಾಸ್‌ಪೋರ್ಟ್, ಉದ್ಯೋಗ ಖಾತ್ರಿ ಕಾರ್ಡ್, ಅಂಗವಿಕಲರ ಯುಡಿಐಡಿ ಕಾರ್ಡ್, ಫೋಟೊ ಇರುವ ಪೆನ್ಷನ್ ಪತ್ರ, ಫೋಟೊ ಇರುವ ಬ್ಯಾಂಕ್ ಅಥವಾ ಪೋಸ್ಟಾಫೀಸ್ ಪಾಸ್‌ಬುಕ್, ಹೀಗೆ ಕೆಲವು ನಡೆಯುತ್ತವೆ. ರೇಷನ್ ಕಾರ್ಡ್ ನಡೆಯುವುದಿಲ್ಲ. ಬಸ್ಸಿನ ರಿಯಾಯಿತಿಗೆ ತೋರಿಸುವ ಹಿರಿಯ ನಾಗರಿಕರ ಕಾರ್ಡೂ ಆ ಪಟ್ಟಿಯಲ್ಲಿಲ್ಲ. ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಮನೆಗೆ ತಂದುಕೊಡುವ ವೋಟರ್ ಚೀಟಿ ಮೊದಲು ನಡೆಯುತ್ತಿತ್ತು, 2019ರಿಂದ ಅದೊಂದನ್ನೇ ತೋರಿಸಿದರೆ ಆಗುವುದಿಲ್ಲ. ವಯಸ್ಸಾದವರು ಜೋಪಾನವಾಗಿ ಮಡಚಿ ಇಟ್ಟುಕೊಂಡಿರುವುದು ಹೆಚ್ಚಾಗಿ ಇವೇ ಮೂರು. ಹಾಗಾಗಿ ಹಿಂದಿನ ದಿನವೇ ಒಮ್ಮೆ ನೋಡಿಕೊಳ್ಳಿ. ವೋಟರ್ ಕಾರ್ಡಿನಲ್ಲಿ ಹೆಸರಿನ ಒತ್ತಕ್ಷರ ತಪ್ಪಿದೆ ಅಂತ ಮಾತ್ರ ಗಾಬರಿಯಾಗಬೇಡಿ. ಗುರುತು ಸಿಗುವಂತಿದ್ದರೆ ಅಂಥ ಸಣ್ಣ ತಪ್ಪನ್ನು ಬಿಡಬೇಕು ಅಂತ ಆಯೋಗವೇ ಹೇಳಿದೆ.

ಮೂರನೆಯದೇ ನಿಜವಾದ ಗಂಟು: ಪಟ್ಟಿ ಮತ್ತು ದಿನಾಂಕ. ಕಾರ್ಡ್ ಇದ್ದೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ವೋಟಿಲ್ಲ. ಕಾರ್ಡ್ ಇಲ್ಲದೆಯೂ ಪಟ್ಟಿಯಲ್ಲಿ ಹೆಸರಿದ್ದರೆ ವೋಟಿದೆ. ಇದನ್ನು ಎಷ್ಟು ಸಲ ಹೇಳಿದರೂ ಜನ ಕಾರ್ಡನ್ನೇ ಹುಡುಕುತ್ತಾರೆ. ಪಟ್ಟಿಗೆ ಸೇರುವಾಗ ಕೇಳುವ ದಾಖಲೆ ಬೇರೆ, ವೋಟು ಹಾಕುವಾಗ ಕೇಳುವ ದಾಖಲೆ ಬೇರೆ. 2025ರಲ್ಲಿ ಬಿಹಾರದಲ್ಲಿ ಗಲಾಟೆಯಾಗಿದ್ದು ಮೊದಲನೆಯದಕ್ಕೆ. ಅಲ್ಲಿ ಪಟ್ಟಿ ಪರಿಷ್ಕರಣೆಗೆ ಹೇಳಿದ್ದ 11 ದಾಖಲೆಗಳಲ್ಲಿ ಆಧಾರ್ ಇರಲಿಲ್ಲ. ಸುಪ್ರೀಂ ಕೋರ್ಟ್ ಸೆಪ್ಟೆಂಬರಿನಲ್ಲಿ ಅದನ್ನು 12ನೆಯದಾಗಿ ಸೇರಿಸಿಕೊಳ್ಳಿ ಅಂದಿತು. ಆ ಸುದ್ದಿಯನ್ನು ಅರ್ಧ ಕೇಳಿದವರು ‘ಆಧಾರ್ ನಡೆಯಲ್ವಂತೆ’ ಅಂತ ಬೂತಿಗೂ ಅಂಟಿಸಿಬಿಟ್ಟರು.

ಪಟ್ಟಿಯಲ್ಲಿರುವ ವಯಸ್ಸನ್ನೂ ನೋಡಿ. ಹಳೇ ಕಾಲದವರ ವಯಸ್ಸನ್ನು ಬರೆದವರು ಅಂದಾಜಿಗೆ ಬರೆದಿದ್ದಾರೆ. ಅಜ್ಜಿಗೆ ನಿಜವಾಗಿ 87 ಇದ್ದು ಪಟ್ಟಿಯಲ್ಲಿ 79 ಅಂತಿದ್ದರೆ ಮನೆ ವೋಟು ಸಿಗುವುದಿಲ್ಲ. ಫಾರಂ 8 ಕೊಟ್ಟು ಮೊದಲೇ ಸರಿಮಾಡಿಸಿ. ಕಳೆದ ಕಾರ್ಡಿನ ಬದಲು ಹೊಸದಕ್ಕೂ ಅದೇ ಫಾರಂ. ಚುನಾವಣೆ ಬಂದಾಗ ಓಡಾಡಿದರೆ ಆಗುವ ಕೆಲಸವಲ್ಲ ಇದು.

12ಡಿ ಫಾರಂ ಕೊಡಲು ಅಧಿಸೂಚನೆ ಹೊರಟ ಮೇಲೆ ಐದೇ ದಿನ. ಟಿವಿಯಲ್ಲಿ ದಿನಾಂಕ ಘೋಷಿಸುವುದು ಬೇರೆ, ಅಧಿಸೂಚನೆ ಬೇರೆ. 2024ರಲ್ಲಿ ಘೋಷಣೆ ಆಗಿದ್ದು ಮಾರ್ಚ್ 16ಕ್ಕೆ, ನಮ್ಮ ಹಂತದ ಅಧಿಸೂಚನೆ ಮಾರ್ಚ್ 28ಕ್ಕೆ, ಮತದಾನ ಏಪ್ರಿಲ್ 26ಕ್ಕೆ. ಜನ ಮತದಾನದ ವಾರದಲ್ಲಿ ಎದ್ದು ‘ಅಜ್ಜಿಗೆ ಮನೆ ವೋಟು ಬೇಕಿತ್ತು’ ಅಂತಾರೆ. ಅಷ್ಟರಲ್ಲಿ ಬಾಗಿಲು ಮುಚ್ಚಿ ಮೂರು ವಾರ ಕಳೆದಿರುತ್ತದೆ. ಫಾರಂ ಅನ್ನು ಬಿಎಲ್‌ಒ ಮನೆಗೇ ತರಬೇಕು. ಬರದಿದ್ದರೆ ನೀವೇ ಕೇಳಿ, ಅವರು ಹೆಚ್ಚಾಗಿ ನಿಮ್ಮೂರಿನ ಅಂಗನವಾಡಿ ಟೀಚರೋ ಶಾಲೆಯ ಟೀಚರೋ ಆಗಿರುತ್ತಾರೆ. ಕಡೂರಿನವರಿಗೆ ಒಂದು ಮಾತು: ನಿಮ್ಮ ಜಿಲ್ಲೆ ಚಿಕ್ಕಮಗಳೂರು, ಲೋಕಸಭೆಗೆ ವೋಟು ಹಾಸನಕ್ಕೆ. ಫಾರಂ ಎಲ್ಲಿಗೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ಬಿಎಲ್‌ಒ ಕೈಗೆ ಕೊಡಿ.

ಫಾರಂ ಒಪ್ಪಿಗೆಯಾದರೆ ಪಟ್ಟಿಯಲ್ಲಿ ಅಜ್ಜಿಯ ಹೆಸರಿನ ಮುಂದೆ ‘ಪಿಬಿ’ (ಪೋಸ್ಟಲ್ ಬ್ಯಾಲೆಟ್, ಅಂದರೆ ಅಂಚೆ ಮತ) ಅಂತ ಗುರುತು ಬೀಳುತ್ತದೆ. ಆಮೇಲೆ ಮನಸ್ಸು ಬದಲಾಯಿಸಿ ಬೂತಿಗೆ ಕರೆದೊಯ್ದರೆ ವಾಪಸ್ ಕಳಿಸುತ್ತಾರೆ. ತಂಡ ಬರುವ ದಿನವನ್ನು ಮೊದಲೇ ತಿಳಿಸುತ್ತಾರೆ. ಅವತ್ತು ಮನೆಯಲ್ಲಿ ಇಲ್ಲದಿದ್ದರೆ ಇನ್ನೊಮ್ಮೆ ಬರುತ್ತಾರೆ, ಮೂರನೇ ಸಲ ಬರುವುದಿಲ್ಲ. ಬಂದಾಗ ವಿಡಿಯೊ ಮಾಡುತ್ತಾರೆ. ಯಾರಿಗೆ ವೋಟು ಹಾಕಿದರು ಅನ್ನೋದನ್ನಲ್ಲ, ಕೆಲಸ ಸರಿಯಾಗಿ ನಡೆಯಿತು ಅನ್ನೋದನ್ನು. ಮನೆಮಂದಿಯೆಲ್ಲ ಮಂಚದ ಸುತ್ತ ನಿಂತು ‘ಇದಕ್ಕೆ ಒತ್ತಜ್ಜಿ’ ಅನ್ನಬಾರದು. ಹಾಗೆ ಮಾಡುವ ಮನೆಗಳೂ ಇವೆ, ಅದಕ್ಕೇ ಹೇಳಿದೆ.

ಇನ್ನು ನೀವು ಕೇಳದ ಒಂದು ಪ್ರಶ್ನೆ, ಹೇಗೂ ಕೇಳೇ ಕೇಳ್ತೀರಿ. ‘ಅಜ್ಜಿಗೆ ಮನೆಯಿಂದ ಅಂದಮೇಲೆ ಬೆಂಗಳೂರಿನಲ್ಲಿರೋ ಮಗನಿಗೆ ಅಲ್ಲಿಂದಲೇ ಯಾಕಿಲ್ಲ?’ ಅಂಚೆ ಮತ ಇರುವುದು ಸೈನಿಕರಿಗೆ, ಚುನಾವಣಾ ಡ್ಯೂಟಿಯವರಿಗೆ, ಕೆಲವು ಅಗತ್ಯ ಸೇವೆಯವರಿಗೆ, ಅಂಗವಿಕಲರಿಗೆ, ಅಜ್ಜಿಯಂಥವರಿಗೆ. ಐಟಿ ಕಂಪನಿ ಅದರಲ್ಲಿಲ್ಲ. ಊರು ಬಿಟ್ಟವರು ಇದ್ದಲ್ಲೇ ವೋಟು ಹಾಕಲು ಒಂದು ಯಂತ್ರವನ್ನು ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದೆ ಇಟ್ಟಿತ್ತು. ಒಂದೇ ಯಂತ್ರದಲ್ಲಿ 72 ಕ್ಷೇತ್ರಗಳು. ವಿರೋಧ ಪಕ್ಷಗಳು ಒಪ್ಪಲಿಲ್ಲ. 2024ರ ಲೋಕಸಭಾ ಚುನಾವಣೆಗೆ ಅದು ಬರಲೂ ಇಲ್ಲ. ಮಗ ಬಸ್ ಹತ್ತಲೇಬೇಕು, ಇಲ್ಲವಾದರೆ ಹೆಸರನ್ನು ಬೆಂಗಳೂರಿಗೆ ಬದಲಾಯಿಸಿಕೊಳ್ಳಬೇಕು. ಮತದಾನದ ದಿನ ಸಂಬಳ ಸಹಿತ ರಜೆ ಕೊಡುವುದು ಕಾನೂನು, ಬಾಸ್ ಕೊಡಲ್ಲ ಅನ್ನೋ ನೆಪ ಬೇಡ.

ಅಮೆರಿಕದಲ್ಲಿ ಮಗಳಿದ್ದರೆ ಅವಳು ‘ಇಲ್ಲಿ ಎಲ್ಲ ಪೋಸ್ಟಲ್ಲೇ’ ಅನ್ನುತ್ತಾಳೆ. ಅಲ್ಲಿಯದೂ ಅಷ್ಟು ಸಲೀಸಲ್ಲ. ಟೆಕ್ಸಾಸ್‌ನಲ್ಲಿ 65 ದಾಟಿದವರು ಅಂಚೆಯಲ್ಲಿ ವೋಟು ಕಳಿಸಬಹುದು. 2021ರ ಕಾನೂನಿನ ನಂತರ ಲಕೋಟೆಯ ಮೇಲೆ ಲೈಸೆನ್ಸ್ ನಂಬರೋ ಸೋಶಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ 4 ಅಂಕಿಯೋ ಬರೆಯಬೇಕು, ಅದು ನೋಂದಣಿಯ ದಾಖಲೆಯಲ್ಲಿರುವ ನಂಬರಿಗೆ ಹೊಂದಬೇಕು. ಬರೆಯುವ ಜಾಗ ಇದ್ದದ್ದು ಲಕೋಟೆಯ ಮಡಿಕೆಯ ಕೆಳಗೆ. 2022ರ ಮಾರ್ಚ್‌ನ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ಅಂಚೆಯಲ್ಲಿ ಬಂದ ಮತಗಳಲ್ಲಿ ಸುಮಾರು 12% ತಿರಸ್ಕಾರವಾದವು. ನವೆಂಬರಿನ ಹೊತ್ತಿಗೆ ಜನ ಕಲಿತುಕೊಂಡರು, ತಿರಸ್ಕಾರ 3%ಕ್ಕೂ ಕೆಳಗೆ ಇಳಿಯಿತು. ‘ನಂಬರ್ ಮ್ಯಾಚ್ ಆಗಲಿಲ್ಲ, ವಯಸ್ಸಾದವರ ವೋಟು ಹೋಯ್ತು’ ಅನ್ನೋ ಅಲ್ಲಿಯ ಸುದ್ದಿ ನಮ್ಮ ವಾಟ್ಸಾಪ್ ಗ್ರೂಪಿಗೆ ಬರುವಷ್ಟರಲ್ಲಿ ‘ಥಂಬ್ ಮ್ಯಾಚ್ ಆಗಲಿಲ್ಲ’ ಆಗಿರಲೂಬಹುದು.

ಆ ಮಗಳಿಗೆ ಇಲ್ಲಿ ವೋಟು ಹಾಕಬೇಕಿದ್ದರೆ ಫಾರಂ 6ಎ ತುಂಬಿ ಹೆಸರು ಸೇರಿಸಿ, ಒರಿಜಿನಲ್ ಪಾಸ್‌ಪೋರ್ಟ್ ಹಿಡಿದು ಆಲ್ದೂರಿನ ಬೂತಿಗೇ ಬರಬೇಕು. ಅಲ್ಲಿಯ ಪೌರತ್ವ ತಗೊಂಡಿದ್ದರೆ ಅದೂ ಇಲ್ಲ.