ಉಳಿತಾಯ ಬಜೆಟ್ ಅಂತಾರೆ, ನಮ್ಮ ಬೀದಿ ಚರಂಡಿಗೆ ಮಾತ್ರ ದುಡ್ಡಿಲ್ಲ ಅಂತಾರೆ. ಯಾಕೆ?

ಓದುಗರ ಪ್ರಶ್ನೆ: "ನಮ್ಮದು ಮಲೆನಾಡಿನ ಒಂದು ಪಟ್ಟಣ ಪಂಚಾಯಿತಿ. ಈ ಸಲ ಲಕ್ಷಗಟ್ಟಲೆ ಉಳಿತಾಯದ ಬಜೆಟ್ ಮಂಡನೆ ಆಯ್ತು ಅಂತ ಪೇಪರಿನಲ್ಲಿ ಬಂತು. ನಮ್ಮ ಬೀದಿಯ ಚರಂಡಿ ಕುಸಿದು ಎರಡು ಮಳೆಗಾಲ ಆಯ್ತು. ಹೋಗಿ ಕೇಳಿದರೆ ಅನುದಾನ ಇಲ್ಲ ಅಂತಾರೆ. ದುಡ್ಡು ಉಳಿದಿದೆ ಅನ್ನೋರೂ ಅವರೇ, ದುಡ್ಡಿಲ್ಲ ಅನ್ನೋರೂ ಅವರೇ. ಯಾವುದು ನಿಜ?"

ಎರಡೂ ನಿಜ ಇರಬಹುದು. ಸಿಟ್ಟು ಬರಿಸುವ ಉತ್ತರ ಅಂತ ಗೊತ್ತು. ಆದರೆ ಆ ಬಜೆಟ್ ಪುಸ್ತಕವನ್ನು ಒಂದು ಸಲ ಕೈಗೆ ತಗೊಂಡು ಕೂತರೆ ವಿಷಯ ಬಿಡಿಸಿಕೊಳ್ಳುತ್ತದೆ. ಆಮೇಲೆ ಆಫೀಸಿಗೆ ಹೋದಾಗ ನೀವು ಕೇಳೋ ಪ್ರಶ್ನೆಯೂ ಬೇರೆ ಆಗುತ್ತದೆ.

ಮೊದಲು ಆ ಉಳಿತಾಯ ಎಲ್ಲಿಂದ ಬಂತು ನೋಡಿ. ಬಜೆಟ್ಟಿನ ಮೊದಲ ಸಾಲು ಪ್ರಾರಂಭಿಕ ಶಿಲ್ಕು, ಅಂದರೆ ಏಪ್ರಿಲ್ 1ಕ್ಕೆ ಬ್ಯಾಂಕ್ ಖಾತೆಗಳಲ್ಲಿ ಇರಬಹುದಾದ ಹಣ. ಅದಕ್ಕೆ ಆ ವರ್ಷ ಬರಬಹುದು ಅಂತ ಅಂದುಕೊಂಡ ಜಮೆ ಕೂಡಿಸಿ, ಖರ್ಚಿನ ಅಂದಾಜು ಕಳೆದರೆ ಉಳಿಯುವುದೇ ಪೇಪರಿನಲ್ಲಿ ಬರುವ ಉಳಿತಾಯ. ಗಮನಿಸಿ, ಇಲ್ಲಿ ಎಲ್ಲವೂ ಅಂದಾಜು. ಬಜೆಟ್ ಮಂಡನೆ ಆಗೋದು ಫೆಬ್ರವರಿ ಮಾರ್ಚಿನಲ್ಲಿ, ಆಗ ಮುಂದಿನ ವರ್ಷದ ಒಂದು ರೂಪಾಯಿಯೂ ಬಂದಿರುವುದಿಲ್ಲ. ಕೊರತೆ ಬಜೆಟ್ ಮಂಡಿಸುವ ರೂಢಿ ನಮ್ಮ ಊರುಗಳಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ಕೊನೆಯಲ್ಲಿ ಸಣ್ಣದೊಂದು ಉಳಿತಾಯ ಬರುವ ಹಾಗೆ ಜಮೆಯ ಕಡೆ ಸ್ವಲ್ಪ ಉದಾರವಾಗಿ ಬರೆದಿರುತ್ತಾರೆ. ಯಾರೋ ಕಳ್ಳಲೆಕ್ಕ ಬರೆದರು ಅಂತ ಇದರರ್ಥ ಅಲ್ಲ. ಸರ್ಕಾರದಿಂದ ಎಷ್ಟು ಬರುತ್ತದೆ ಅನ್ನೋದು ಲೆಕ್ಕಿಗರ ಕೈಯಲ್ಲಿ ಇರುವುದಿಲ್ಲ, ಆದ್ದರಿಂದ ಹೋದ ವರ್ಷದ ಅಂಕಿಗೆ ಒಂದಿಷ್ಟು ಸೇರಿಸಿ ಬರೆದುಬಿಡುತ್ತಾರೆ, ಅಷ್ಟೇ.

ನಿಜವಾದ ತೊಡಕು ಇರುವುದು ಹಣದ ಹಣೆಬರಹದಲ್ಲಿ. ಪಟ್ಟಣ ಪಂಚಾಯಿತಿಗೆ ಬರುವ ಬಹುಪಾಲು ಹಣ ಇಂಥದ್ದಕ್ಕೇ ಅಂತ ಬರೆಸಿಕೊಂಡೇ ಬಂದಿರುತ್ತದೆ.

ಒಂದು ಲೆಕ್ಕ ಹಾಕೋಣ. ಅರ್ಥ ಆಗಲಿ ಅಂತ ನಾನೇ ಕಟ್ಟಿದ ಅಂಕಿಗಳು ಇವು, ಯಾವ ಊರಿನದ್ದೂ ಅಲ್ಲ. 15 ವಾರ್ಡಿನ ಒಂದು ಊರು. ಶಿಲ್ಕು 3 ಕೋಟಿ, ಜಮೆ 15 ಕೋಟಿ, ಖರ್ಚು 17 ಕೋಟಿ 85 ಲಕ್ಷ. ಉಳಿತಾಯ 15 ಲಕ್ಷ. ಪೇಪರಿನವರಿಗೆ ಸುದ್ದಿ ಆಯ್ತು. ಈಗ ಆ 15 ಕೋಟಿಯನ್ನು ಬಿಡಿಸಿ ನೋಡಿ. 3 ಕೋಟಿ ರಾಜ್ಯ ಹಣಕಾಸು ಆಯೋಗದ ಲೆಕ್ಕದಲ್ಲಿ ಬರುವ ವೇತನ ಅನುದಾನ, ಅದು ಕಾಯಂ ನೌಕರರ ಸಂಬಳಕ್ಕೆ ಹೋಯ್ತು. ಒಂದೂವರೆ ಕೋಟಿ ವಿದ್ಯುತ್ ಅನುದಾನ, ಅದು ಬೀದಿದೀಪ ಮತ್ತು ನೀರಿನ ಪಂಪಿನ ಬಿಲ್ಲಿಗಾಗಿ ಮೆಸ್ಕಾಂಗೆ ಹೋಯ್ತು. ಆರೂವರೆ ಕೋಟಿ ಅಮೃತ್ 2.0, ನಗರೋತ್ಥಾನ ಥರದ ಯೋಜನೆಗಳದ್ದು. ಯಾವ ಕಾಮಗಾರಿ ಅನ್ನೋದು ಮೊದಲೇ ಮಂಜೂರಾಗಿರುತ್ತದೆ, ಒಂದು ಟ್ಯಾಂಕಿನ ದುಡ್ಡಲ್ಲಿ ಇನ್ನೊಂದು ಮೋರಿ ಕಟ್ಟಲು ಬರುವುದಿಲ್ಲ. 1 ಕೋಟಿ 20 ಲಕ್ಷ ಕೇಂದ್ರ ಹಣಕಾಸು ಆಯೋಗದ್ದು. 60 ಲಕ್ಷ ಗುತ್ತಿಗೆದಾರರ ಠೇವಣಿ ಮತ್ತು ಬೇರೆ ಇಲಾಖೆಗೆ ಕಟ್ಟಬೇಕಾದ ಕರ. ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ಮುಕ್ತನಿಧಿ, ಅಂದರೆ ಇಂಥದ್ದಕ್ಕೇ ಅಂತ ಬರೆಸಿಕೊಳ್ಳದೆ ಬರುವ ಹಣ, 40 ಲಕ್ಷ. ಊರಿನವರಿಂದ ವಸೂಲಾದ ಸ್ವಂತ ಆದಾಯ 1 ಕೋಟಿ 80 ಲಕ್ಷ. ಕೂಡಿಸಿ ನೋಡಿ, 15 ಕೋಟಿ ಆಯ್ತು.

ಇದರಲ್ಲಿ ನಿಮ್ಮ ಚರಂಡಿಗೆ ಸಿಗಬಹುದಾದದ್ದು ಯಾವುದು? ಮುಖ್ಯವಾಗಿ ಕೊನೆಯ ಎರಡು. ಅದರಲ್ಲೂ ಸ್ವಂತ ಆದಾಯಕ್ಕೆ ಕಾಯುತ್ತಿರುವವರು ಬಹಳ ಜನ. ಕಸದ ಆಟೋ ಟಿಪ್ಪರ್ ಓಡಿಸುವ ಹೊರಗುತ್ತಿಗೆ ಚಾಲಕರು, ವಾಲ್ವ್‌ಮನ್, ಡೇಟಾ ಎಂಟ್ರಿಯವರು, ಇವರ ಸಂಬಳ ಹೆಚ್ಚಾಗಿ ಇಲ್ಲಿಂದಲೇ ಆಗಬೇಕು. ಡೀಸೆಲ್, ಆಲಂ, ಬ್ಲೀಚಿಂಗ್ ಪೌಡರ್, ಸುಟ್ಟುಹೋದ ಮೋಟಾರಿನ ರಿವೈಂಡಿಂಗ್, ಒಡೆದ ಪೈಪು, ಜೆಸಿಬಿ ಬಾಡಿಗೆ. ಇದಕ್ಕೆಲ್ಲ 1 ಕೋಟಿ 30 ಲಕ್ಷ ಹೋಯ್ತು ಅಂತ ಇಟ್ಟುಕೊಳ್ಳಿ. ಉಳಿದ 50 ಲಕ್ಷ, ಮುಕ್ತನಿಧಿಯ 40 ಲಕ್ಷ, ಒಟ್ಟು 90. ಇದರಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ತೆಗೆದಿಡಬೇಕು. ಸುಮಾರು 33 ಲಕ್ಷ ಅಲ್ಲಿಗೆ. ಇದನ್ನು ಹೊರೆ ಅಂತ ಹೇಳೋರು ಇದ್ದಾರೆ, ನಾನು ಒಪ್ಪುವುದಿಲ್ಲ. ಆ ಕೇರಿಗಳ ಚರಂಡಿಗೆ ಈ ಕಡ್ಡಾಯ ಇಲ್ಲದಿದ್ದರೆ ಯಾವ ವರ್ಷ ದುಡ್ಡು ಸಿಗುತ್ತಿತ್ತು ಅನ್ನೋದು ಊರಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯವೇ. ಇರಲಿ. ಉಳಿದದ್ದು 57 ಲಕ್ಷ. 15 ವಾರ್ಡಿಗೆ ಹಂಚಿದರೆ ತಲಾ 3 ಲಕ್ಷ 80 ಸಾವಿರ.

18 ಕೋಟಿಯ ಬಜೆಟ್ಟಿನಲ್ಲಿ ನಿಮ್ಮ ವಾರ್ಡಿನ ಸದಸ್ಯರ ಕೈಗೆ ಬಂದದ್ದು ಅಷ್ಟು. ನಿಮ್ಮ ಬೀದಿಗೆ ಜೆ.ಇ. (ಕಿರಿಯ ಎಂಜಿನಿಯರ್) ಹಾಕಿದ ಎಸ್ಟಿಮೇಟ್ 6 ಲಕ್ಷ ಅಂದರೆ? "ಅನುದಾನ ಇಲ್ಲ" ಅನ್ನೋ ಮಾತು ಅಲ್ಲಿಂದ ಹುಟ್ಟುತ್ತದೆ.

ಹಾಗಾದರೆ ಆ 3 ಕೋಟಿ ಶಿಲ್ಕು? ಅದೂ ಹೀಗೇ. ಕಸ ವಿಲೇವಾರಿಗೆ ಬಂದು ಖರ್ಚಾಗದೆ ಉಳಿದದ್ದು ಒಂದು ಖಾತೆಯಲ್ಲಿ, ನೀರಿನ ಕಾಮಗಾರಿಯದ್ದು ಇನ್ನೊಂದರಲ್ಲಿ, ಠೇವಣಿ ಮತ್ತೊಂದರಲ್ಲಿ. ಮನೆಯಲ್ಲಾದರೆ ತೋಟಕ್ಕೆ ಅಂತ ಸೊಸೈಟಿಯಿಂದ ತಂದ ಬೆಳೆ ಸಾಲದಲ್ಲಿ ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಿಬಿಡುತ್ತೇವೆ, ಕೇಳೋರಿಲ್ಲ. ಪಂಚಾಯಿತಿ ಹಾಗೆ ಮಾಡಿದರೆ ಆಡಿಟ್ಟಿನವರು ಆಕ್ಷೇಪಣೆ ಬರೆಯುತ್ತಾರೆ, ಮುಖ್ಯಾಧಿಕಾರಿ ವರ್ಗ ಆಗಿ ಹೋದ ಮೇಲೂ ಅದು ಬೆನ್ನು ಬಿಡುವುದಿಲ್ಲ.

ಕೇಂದ್ರ ಹಣಕಾಸು ಆಯೋಗದ ಹಣದ ಬಗ್ಗೆ ಒಂದು ಮಾತು, ಯಾಕಂದರೆ ಜನ ಕೇಳೋದು ಇದನ್ನೇ ಜಾಸ್ತಿ. 15ನೇ ಆಯೋಗದ ಅವಧಿ 2021ರಿಂದ 2026ರ ಮಾರ್ಚ್‌ವರೆಗೆ. ಆ ಅವಧಿಯಲ್ಲಿ ನಮ್ಮಂಥ ಸಣ್ಣ ಊರುಗಳಿಗೆ ಕೊಟ್ಟದ್ದರಲ್ಲಿ ಶೇ 60 ಷರತ್ತಿನ ಹಣ ಆಗಿತ್ತು: ಅರ್ಧ ಕುಡಿಯುವ ನೀರು ಮತ್ತು ಮಳೆನೀರು ಸಂಗ್ರಹಕ್ಕೆ, ಅರ್ಧ ನೈರ್ಮಲ್ಯ ಮತ್ತು ಕಸಕ್ಕೆ. ಬಾಕಿ ಶೇ 40 ಊರಿನ ಅಗತ್ಯ ನೋಡಿಕೊಂಡು ಖರ್ಚು ಮಾಡಬಹುದಿತ್ತು, ಆದರೆ ಸಂಬಳಕ್ಕೆ ಬಳಸುವ ಹಾಗಿರಲಿಲ್ಲ. ನಿಮ್ಮ ಚರಂಡಿಗೆ ಒಂದು ಬಾಗಿಲು ಇಂಥ ಷರತ್ತಿಲ್ಲದ ಪಾಲಿನಲ್ಲಿ ಇರುತ್ತದೆ. ಆ ಹಣದಲ್ಲಿ ಮಾಡುವ ಕೆಲಸಗಳ ಪಟ್ಟಿಯಲ್ಲಿ ಯಾವ ಯಾವ ಕಾಮಗಾರಿ ಸೇರಿದೆ ಅಂತ ವಿಚಾರಿಸಿ. ಹಿಂದಿನ ವರ್ಷಗಳ ಲೆಕ್ಕವನ್ನು ಆನ್‌ಲೈನಿನಲ್ಲಿ ಪ್ರಕಟಿಸದಿದ್ದರೆ ಈ ಹಣ ಬರುವುದಿಲ್ಲ ಅನ್ನೋ ಷರತ್ತನ್ನೂ ಆ ಆಯೋಗ ಹಾಕಿತ್ತು. ಹಾಗಾಗಿ ಲೆಕ್ಕ ತೋರಿಸಿ ಅಂತ ನೀವು ಕೇಳಿದರೆ ಅದು ಕಿರಿಕಿರಿ ಅಲ್ಲ, ಅವರು ಹೇಗೂ ಮಾಡಲೇಬೇಕಾದ ಕೆಲಸ.

ಇನ್ನು ಮಲೆನಾಡಿಗೇ ಅಂಟಿಕೊಂಡ ಒಂದು ಕಾರಣ. ಬೆಂಗಳೂರಿನಲ್ಲಿ ಕೂತು ನಿಯಮ ಬರೆಯುವವರಿಗೆ ಇದು ಹೊಳೆಯುವುದೇ ಇಲ್ಲ ಅನಿಸುತ್ತದೆ. ಬಜೆಟ್ಟಿಗೆ ಒಪ್ಪಿಗೆ ಸಿಕ್ಕ ಮೇಲೆ ಕ್ರಿಯಾ ಯೋಜನೆ, ಅಂದರೆ ಆ ವರ್ಷ ಮಾಡುವ ಕಾಮಗಾರಿಗಳ ಪಟ್ಟಿ, ಆಗಬೇಕು, ಅದು ಜಿಲ್ಲಾ ನಗರಾಭಿವೃದ್ಧಿ ಕೋಶದ ಮೂಲಕ ಹೋಗಿ ಜಿಲ್ಲಾಧಿಕಾರಿಗಳ ಅನುಮೋದನೆ ಪಡೆಯಬೇಕು, ಎಸ್ಟಿಮೇಟ್ ಆಗಬೇಕು, ಟೆಂಡರ್ ಕರೆಯಬೇಕು. ಇಷ್ಟು ಹೊತ್ತಿಗೆ ಜೂನ್ ಬಂದಿರುತ್ತದೆ. ಆಗುಂಬೆ, ಹೊಸನಗರದ ಕಡೆ ಮಳೆ ಹಿಡಿದ ಮೇಲೆ ಸೆಪ್ಟೆಂಬರ್‌ವರೆಗೆ ನೆಲ ಅಗೆಯುವ ಮಾತೇ ಇಲ್ಲ. ಅಗೆದರೆ ಮಣ್ಣು ಹಳ್ಳಕ್ಕೆ, ಸಿಮೆಂಟು ಹೊಳೆಗೆ. ಮಳೆ ಬಿಟ್ಟು ನೆಲ ಆರುವ ಹೊತ್ತಿಗೆ ಅಡಿಕೆ ಕೊಯ್ಲು ಶುರು, ಕೂಲಿಗೆ ಜನ ಸಿಗುವುದಿಲ್ಲ. ಮಧ್ಯೆ ಯಾವುದಾದರೂ ಚುನಾವಣೆಯ ನೀತಿಸಂಹಿತೆ ಬಂದರೆ ಹೊಸ ಕೆಲಸಕ್ಕೆ ಕೈ ಹಾಕುವ ಹಾಗಿಲ್ಲ. ಕೊನೆಗೆ ಜನವರಿಯಿಂದ ಮಾರ್ಚ್‌ವರೆಗೆ ಎಲ್ಲ ಕಾಮಗಾರಿ ಒಟ್ಟಿಗೆ, ಬಿಲ್ಲುಗಳೂ ಒಟ್ಟಿಗೆ. ಮುಗಿಯದೇ ಉಳಿದದ್ದು ಮುಂದಿನ ವರ್ಷದ ಶಿಲ್ಕಿಗೆ. ಶಿಲ್ಕು ದೊಡ್ಡದಾದಷ್ಟೂ ಪೇಪರಿನಲ್ಲಿ ಬಜೆಟ್ ದೊಡ್ಡದು. ಅಂದರೆ ಕೆಲಸ ಆಗದೇ ಇದ್ದದ್ದೇ ಬಜೆಟ್ಟಿನ ಗಾತ್ರ ಹಿಗ್ಗಿಸುತ್ತದೆ!

ಸ್ವಂತ ಆದಾಯ ಯಾಕೆ ಇಷ್ಟು ಕಮ್ಮಿ ಅಂತ ನೀವು ಕೇಳಬಹುದು. ಇಲ್ಲಿ ತಪ್ಪು ಪೂರ್ತಿ ಪಂಚಾಯಿತಿಯದ್ದಲ್ಲ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಇದೆ, ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ ಬೀಳುತ್ತದೆ ಅಂತ ಬ್ಯಾನರ್ ಕಟ್ಟಿದರೂ ಎಷ್ಟೋ ಮಂದಿ ಕಟ್ಟುವುದು ಆಸ್ತಿಯ ಖಾತೆ ಪತ್ರ ಬೇಕಾದಾಗ ಮಾತ್ರ, ಅಂದರೆ ಬ್ಯಾಂಕ್ ಸಾಲಕ್ಕೋ ಮಾರಾಟಕ್ಕೋ ಹೋದಾಗ. ಮಲೆನಾಡಿನ ಊರುಗಳಲ್ಲಿ ಕಂದಾಯ ಭೂಮಿ, ಅರಣ್ಯ ಅಂತ ತಕರಾರಿನಲ್ಲಿರುವ ಮನೆಗಳು ಬೇರೆ ಇವೆ. ಹಕ್ಕುಪತ್ರ ಇಲ್ಲ, ಖಾತೆ ಇಲ್ಲ, ಆದರೆ ನೀರು, ದೀಪ, ಕಸದ ಗಾಡಿ ಅವರಿಗೂ ಬೇಕು, ಕೊಡಲೂ ಬೇಕು. 2025ರಲ್ಲಿ ಸರ್ಕಾರ ಅನಧಿಕೃತ ಬಡಾವಣೆಗಳ ಆಸ್ತಿಗೂ ಬಿ-ಖಾತಾ ಕೊಡಲು ಶುರು ಮಾಡಿದ್ದರ ಹಿಂದೆ ಈ ತೆರಿಗೆಯ ಲೆಕ್ಕವೂ ಇತ್ತು. ಇನ್ನು ಮಳಿಗೆ ಬಾಡಿಗೆ. ಬಸ್ ಸ್ಟ್ಯಾಂಡಿನ ಪಕ್ಕದ ಪಂಚಾಯಿತಿ ಅಂಗಡಿಗೂ ಅದರ ಎದುರಿನ ಖಾಸಗಿ ಅಂಗಡಿಗೂ ಬಾಡಿಗೆ ಎಷ್ಟು ಅಂತ ಸುಮ್ನೆ ವಿಚಾರಿಸಿ ನೋಡಿ, ನಾನು ಹೇಳುವುದಕ್ಕಿಂತ ಅದೇ ಚೆನ್ನಾಗಿ ಹೇಳುತ್ತದೆ.

ಅಂದಹಾಗೆ ನೀವು ಕಟ್ಟುವ ತೆರಿಗೆ ರಸೀದಿಯಲ್ಲಿ ಗ್ರಂಥಾಲಯ ಕರ, ಭಿಕ್ಷುಕರ ಕರ, ಆರೋಗ್ಯ ಕರ ಅಂತ ಇರುತ್ತದಲ್ಲ, ಅದು ಪಂಚಾಯಿತಿಗೆ ಉಳಿಯುವುದಿಲ್ಲ. ತೆರಿಗೆಯ ಮೇಲೆ ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಕರ ಶೇ 3. ಇವರು ವಸೂಲಿ ಮಾಡಿ ಆಯಾ ಕಡೆಗೆ ಕಟ್ಟಬೇಕು. ಎಷ್ಟೋ ಕಡೆ ಕಟ್ಟದೆ ಬಾಕಿ ಇಟ್ಟುಕೊಳ್ಳುವುದೂ ಉಂಟು. ಅದೂ ಶಿಲ್ಕಿನಲ್ಲಿ ಸೇರಿ ಉಳಿತಾಯದ ವೇಷ ಹಾಕಿರುತ್ತದೆ.

ಈಗ ನಿಮ್ಮ ಚರಂಡಿಗೆ ಬರೋಣ. ಉಳಿತಾಯ ಎಷ್ಟು ಅಂತ ಕೇಳಬೇಡಿ, ಅದರಿಂದ ಏನೂ ಗೊತ್ತಾಗುವುದಿಲ್ಲ. ಬಜೆಟ್ ಪುಸ್ತಕದಲ್ಲಿ ಸಾಮಾನ್ಯವಾಗಿ ಮೂರು ಕಾಲಂ ಇರುತ್ತದೆ: ಹಿಂದಿನ ಸಾಲಿನ ವಾಸ್ತವ, ಚಾಲ್ತಿ ಸಾಲಿನ ಪರಿಷ್ಕೃತ ಅಂದಾಜು, ಮುಂದಿನ ಸಾಲಿನ ಅಂದಾಜು. ಚರಂಡಿ ಮತ್ತು ಮೋರಿ ಅಂತ ಇರುವ ಸಾಲಿಗೆ ಬೆರಳಿಟ್ಟು ವಾಸ್ತವದ ಕಾಲಂ ಓದಿ. ಅಂದಾಜಿನಲ್ಲಿ 40 ಲಕ್ಷ, ವಾಸ್ತವದಲ್ಲಿ 9 ಲಕ್ಷ ಅಂತ ಇದ್ದರೆ ಅಲ್ಲಿ ನಿಮ್ಮ ಪ್ರಶ್ನೆ ಸಿಕ್ಕಿತು. ಆಗ ದುಡ್ಡು ಇರಲಿಲ್ಲ ಅಂತ ಹೇಳುವುದು ಕಷ್ಟ. ಯಾಕೆ ಖರ್ಚಾಗಲಿಲ್ಲ, ಟೆಂಡರ್‌ಗೆ ಯಾರೂ ಬರಲಿಲ್ವಾ, ಅನುಮೋದನೆ ತಡ ಆಯ್ತಾ ಅಂತ ಹೇಳಲೇಬೇಕಾಗುತ್ತದೆ. ಶಿಲ್ಕಿನ ಖಾತೆವಾರು ವಿವರವನ್ನೂ ಕೇಳಿ. ಬಾಯಿಮಾತಿನಲ್ಲಿ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಊರಿನ ಎಲ್ಲ ತಂಟೆಯನ್ನು ಒಂದೇ ಅರ್ಜಿಯಲ್ಲಿ ತುಂಬಿದರೆ ವಾಪಸ್ ಬರುತ್ತದೆ.

ಹೋಗುವ ಸಮಯವೂ ಮುಖ್ಯ. ಜನ ಹೋಗೋದು ಜುಲೈಯಲ್ಲಿ, ನೀರು ಮನೆಯೊಳಗೆ ನುಗ್ಗಿದ ಮೇಲೆ. ಆಗ ಆಫೀಸಿನವರು ಮಾಡಬಹುದಾದದ್ದು ಹೂಳು ತೆಗೆಸೋದು, ಮರಳಿನ ಚೀಲ ಇಡಿಸೋದು, ಅಷ್ಟೇ. ಡಿಸೆಂಬರ್ ಜನವರಿಯಲ್ಲಿ ಬಜೆಟ್ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನು ಕರೆಯುತ್ತಾರೆ. ಹೆಚ್ಚಿನ ಕಡೆ ಆ ಸಭೆಯಲ್ಲಿ ಖಾಲಿ ಕುರ್ಚಿಗಳೇ ಜಾಸ್ತಿ, ಬಂದವರಲ್ಲೂ ಅರ್ಧ ಜನ ಪಂಚಾಯಿತಿಯವರೇ. ಅಲ್ಲಿಗೆ ನಿಮ್ಮ ಬೀದಿಯ ನಾಲ್ಕು ಮನೆಯವರು ಹೋಗಿ, ಮಳೆಗಾಲದಲ್ಲಿ ತೆಗೆದ ಫೋಟೋ, ಕುಸಿದ ಭಾಗದ ಉದ್ದ ಎಷ್ಟು ಮೀಟರ್, ನೀರು ಯಾವ ಕಡೆ ಹೋಗಬೇಕು ಅನ್ನೋದನ್ನು ಬರೆದು ಕೊಟ್ಟು, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಆಡಳಿತ ಮಂಡಳಿ ಇಲ್ಲದೆ ಆಡಳಿತಾಧಿಕಾರಿ ಇರುವ ಊರಾದರೆ ಈ ಕಾಗದ ಇನ್ನೂ ಮುಖ್ಯ, ಯಾಕಂದರೆ ನಿಮ್ಮ ಪರ ಮಾತಾಡಲು ಸದಸ್ಯರೇ ಇರುವುದಿಲ್ಲ. ಆಮೇಲೆ ಏಪ್ರಿಲ್ ಮೇನಲ್ಲಿ ಇನ್ನೊಂದು ಸಲ ಹೋಗಿ ಕ್ರಿಯಾ ಯೋಜನೆಯಲ್ಲಿ ಸೇರಿದೆಯಾ ಅಂತ ನೋಡಿ. ಬಜೆಟ್ ಭಾಷಣದಲ್ಲಿ ಬಂದು ಕ್ರಿಯಾ ಯೋಜನೆಯಲ್ಲಿ ಬಾರದ ಚರಂಡಿ ಆ ವರ್ಷ ಆಗುವುದಿಲ್ಲ.

ಎಸ್ಟಿಮೇಟ್ ಜಾಸ್ತಿ ಆಯ್ತು ಅಂದರೆ ಪೂರ್ತಿ ಬೀದಿಗೆ ಹಟ ಹಿಡಿಯದೆ ಕುಸಿದ ಭಾಗ ಮತ್ತು ಅದರ ಮೇಲಿನ ತಿರುವು ಇಷ್ಟನ್ನು ಮೊದಲ ವರ್ಷಕ್ಕೆ ಕೇಳಿ. ಇಳಿಜಾರಿನ ಊರಿನಲ್ಲಿ ಕೆಳಗಿನ ಚರಂಡಿ ಒಡೆಯೋದು ಮೇಲಿನ ನೀರು ದಾರಿ ತಪ್ಪಿದ್ದಕ್ಕೇ, ಇದನ್ನು ಜೆ.ಇ.ಗೆ ಸ್ಥಳದಲ್ಲೇ ತೋರಿಸಬೇಕು.

ಇನ್ನೊಂದು. ಇದೆಲ್ಲ ಮಾಡುವ ಮೊದಲು ಆ ರಸ್ತೆ ಯಾರದ್ದು ಅಂತ ಖಚಿತ ಮಾಡಿಕೊಳ್ಳಿ. ತೀರ್ಥಹಳ್ಳಿ ಮೇಲೆ ಹೋಗುವ 169ನೇ ರಾಷ್ಟ್ರೀಯ ಹೆದ್ದಾರಿ, ಅಲ್ಲಿಂದ ಆಗುಂಬೆ ಕಡೆ ಹೋಗುವ 169ಎ, ಇಂಥ ರಸ್ತೆಗಳ ಬದಿಯ ಚರಂಡಿ ಹೆದ್ದಾರಿಯವರ ಲೆಕ್ಕ. ಜಿಲ್ಲಾ ಮುಖ್ಯರಸ್ತೆ ಆದರೆ ಲೋಕೋಪಯೋಗಿ ಇಲಾಖೆ. ಅಲ್ಲಿಗೆ ಪಂಚಾಯಿತಿ ಬಜೆಟ್ಟಿನಿಂದ ದುಡ್ಡು ಹಾಕಲು ಸುಲಭಕ್ಕೆ ಆಗುವುದಿಲ್ಲ. ಅರ್ಜಿಯ ಒಂದು ಪ್ರತಿ ಅವರ ಉಪವಿಭಾಗದ ಆಫೀಸಿಗೂ ಕೊಡಬೇಕಾಗುತ್ತದೆ.